ಡಿವಿಡಿ ನೋಡಲಿಕ್ಕೆ, ಮೂಲ ಇಡಲಿಕ್ಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಲಗ್ನದ ಸುಗ್ಗಿ ಮುಗಿಯುತ್ತಿದ್ದಂತೆ ಫೋಟೊ ಸ್ಟುಡಿಯೊಗಳ ಕಂಪ್ಯೂಟರುಗಳಿಗೆ ನಿಜವಾದ ಕೆಲಸ ಶುರುವಾಗುತ್ತದೆ. ಅರಿಷಿಣದಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ತೆಗೆದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಮನೆಯವರ ಕೈಗೆ ಕೊಡಬೇಕು. ಪೆನ್‌ಡ್ರೈವ್ ಕೇಳುವವರು ಹೆಚ್ಚಿದ್ದಾರೆ ನಿಜ. ಆದರೂ ಮನೆಯ ಹಿರಿಯರು, ಗಡಿಯಾಚೆಯ ಮಿರಜ, ಇಚಲಕರಂಜಿ, ಕೊಲ್ಹಾಪುರದ ಬೀಗರು ‘ನಮಗೊಂದು ಸೀಡಿ ಮಾಡಿಸಿ ಕೊಡ್ರಿ’ ಎನ್ನುವುದು ಪೂರ್ತಿ ನಿಂತಿಲ್ಲ. ಹಾಗೆ ಮಾಡಿಸಿದ ಡಿಸ್ಕನ್ನು ಟಿ.ವಿ.ಗೆ ಹಾಕಿದಾಗ ಮದುಮಗಳ ಮುಖ ಉದ್ದಕ್ಕೆ ಎಳೆದಂತೆ ಕಾಣುತ್ತದೆ, ಮೆರವಣಿಗೆಯ ಕುಣಿತ ತಡವರಿಸುತ್ತದೆ, ಭಟ್ಟರ ಮಂತ್ರ ಬಾಯಿಗಿಂತ ಮೊದಲೇ ಕೇಳಿಸುತ್ತದೆ. ಕೆಲವೊಮ್ಮೆ ಪ್ಲೇಯರ್ ಡಿಸ್ಕನ್ನು ಗುರುತಿಸುವುದೇ ಇಲ್ಲ. ಬೈಗುಳ ಬೀಳುವುದು ಅಗ್ಗದ ಡಿಸ್ಕಿಗೆ ಅಥವಾ ಹಳೆಯ ಪ್ಲೇಯರಿಗೆ. ತಪ್ಪು ಮಾತ್ರ ಹೆಚ್ಚಿನ ಸಲ ಇವೆರಡಕ್ಕೂ ಮೊದಲಿನ ಹಂತದಲ್ಲಿ, ಅಂದರೆ ವಿಡಿಯೊವನ್ನು ಡಿವಿಡಿಯ ಅಳತೆಗೆ ಇಳಿಸಿದ ರೀತಿಯಲ್ಲಿ ಆಗಿರುತ್ತದೆ. ಆ ಇಳಿಸುವಿಕೆಯ ಒಳಗುಟ್ಟು ಗೊತ್ತಾದರೆ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ: ಡಿವಿಡಿ ಎಷ್ಟೇ ಚೆನ್ನಾಗಿ ಬಂದರೂ ಅದು ನೋಡುವ ಪ್ರತಿ ಮಾತ್ರ, ಮನೆತನದ ದಾಖಲೆಯಾಗಿ ಅದೊಂದನ್ನೇ ನಂಬಬಾರದು.

ಅಚ್ಚಿನ ಅಳತೆ

ಡಿವಿಡಿ ಮಾರುಕಟ್ಟೆಗೆ ಬಂದದ್ದು 1996ರ ಕೊನೆಯಲ್ಲಿ, ಜಪಾನಿನಲ್ಲಿ. ಆಗ ಗೊತ್ತುಮಾಡಿದ ನಿಯಮಗಳು ಇಂದಿಗೂ ಬದಲಾಗಿಲ್ಲ. ಗಾಣದ ಮನೆಯ ಬೆಲ್ಲದ ಅಚ್ಚಿನ ಹಾಗೆ ಅದರ ಆಕಾರ ಖಾಯಂ. ಪಾಕ ಎಷ್ಟೇ ಇರಲಿ, ಅಚ್ಚು ಹಿಡಿಸುವಷ್ಟೇ ಹಿಡಿಸುತ್ತದೆ. ನಮ್ಮ ದೇಶದ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ ಡಿವಿಡಿಯ ಪೂರ್ಣ ಚಿತ್ರದ ಅಳತೆ 720 ಅಡ್ಡ, 576 ಉದ್ದದ ಚುಕ್ಕೆಗಳು. ಸೆಕೆಂಡಿಗೆ 25 ಚಿತ್ರಗಳು. ಚಿತ್ರವನ್ನು ಅಡಕಗೊಳಿಸುವ ವಿಧಾನ ಎಂಪೆಗ್-2. ಚಿತ್ರದ ದತ್ತಾಂಶ ಸೆಕೆಂಡಿಗೆ 98 ಲಕ್ಷ ಬಿಟ್ ದಾಟುವಂತಿಲ್ಲ. ಧ್ವನಿಯ ಮಾದರಿ ದರ ಸಾಮಾನ್ಯವಾಗಿ 48 ಕಿಲೊಹರ್ಟ್ಸ್. ಇದೆಲ್ಲ ‘ವಿಡಿಯೊ ಟಿಎಸ್’ ಎಂಬ ಫೋಲ್ಡರಿನೊಳಗೆ ಗೊತ್ತಾದ ಹೆಸರಿನ ಫೈಲುಗಳಾಗಿ ಕೂರಬೇಕು. ಮೊಬೈಲಿನ ಎಂಪಿ4 ಫೈಲನ್ನು ಹಾಗೆಯೇ ಡಿಸ್ಕಿಗೆ ಬರ್ನ್ ಮಾಡಿದರೆ ಕಂಪ್ಯೂಟರಿನಲ್ಲಿ ಓಡಿ ಹಳೆಯ ಪ್ಲೇಯರಿನಲ್ಲಿ ಓಡದಿರುವುದು ಇದಕ್ಕಾಗಿಯೇ. ಆ ಪ್ಲೇಯರಿಗೆ ಎಚ್.264 ಎಂಬ ಈಚಿನ ಅಡಕ ವಿಧಾನ ಓದಲು ಬರುವುದಿಲ್ಲ, ಡಿವಿಡಿ ನಿಯಮದಲ್ಲಿ ಅದಕ್ಕೆ ಜಾಗವೂ ಇಲ್ಲ. ಹೀಗಾಗಿ ಪರಿವರ್ತನೆಯೆಂದರೆ ಫೈಲಿನ ಹೆಸರು ಬದಲಿಸುವ ಕೆಲಸವಾಗದೆ ಚಿತ್ರವನ್ನು ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸವಾಗುತ್ತದೆ.

ಕಟ್ಟುವಾಗ ಎಷ್ಟು ಕೈಬಿಡಬೇಕಾಗುತ್ತದೆ ಎಂಬ ಲೆಕ್ಕ ಸರಳವಾಗಿದೆ. ಇಂದಿನ ಕ್ಯಾಮೆರಾದ ಸಾಮಾನ್ಯ ಅಳತೆ 1920×1080, ಅಂದರೆ 20,73,600 ಚುಕ್ಕೆಗಳು. ಡಿವಿಡಿಯಲ್ಲಿ ಇರುವುದು 4,14,720. ಸರಿಯಾಗಿ ಐದರಲ್ಲೊಂದು ಪಾಲು. ಐದು ಚುಕ್ಕೆಗಳ ಮಾಹಿತಿ ಒಂದರಲ್ಲಿ ಅಡಗಬೇಕು. ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ನಡುನಡುವಿನ ಚುಕ್ಕೆಗಳನ್ನು ಸುಮ್ಮನೆ ಎಸೆಯುವುದು ಒಂದು. ಅಕ್ಕಪಕ್ಕದವುಗಳನ್ನು ಬೆರೆಸಿ ಹೊಸ ಚುಕ್ಕೆ ಲೆಕ್ಕಹಾಕುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ, ಆದರೆ ಇಳಕಲ್ಲ ಸೀರೆಯ ದಡಿಯಂಥ ಸಣ್ಣ ಗೆರೆಗಳಲ್ಲಿ ಅದರ ಬಣ್ಣ ಬಯಲಾಗುತ್ತದೆ. ಗೆರೆಗಳು ಮುರಿದು ಮೆಟ್ಟಿಲುಗಳಾಗುತ್ತವೆ, ಮದುಮಗಳು ಅಲುಗಿದಾಗಲೆಲ್ಲ ದಡಿ ಮಿಣಮಿಣ ಎನ್ನುತ್ತದೆ. ಬೈಕ್ಯೂಬಿಕ್, ಲ್ಯಾಂಕ್ಜೋಸ್ ಎಂಬ ಹೆಸರಿನಲ್ಲಿ ಸಾಫ್ಟ್‌ವೇರುಗಳಲ್ಲಿ ಸಿಗುವ ಆಯ್ಕೆಗಳು ಎರಡನೆಯ ಬಗೆಯವು. ಸಮಯ ತುಸು ಹೆಚ್ಚು ಬೇಡುತ್ತವೆ, ಸೀರೆಯನ್ನು ಸೀರೆಯಾಗಿ ಉಳಿಸುತ್ತವೆ. ಬಣ್ಣದ ವಿಷಯದಲ್ಲೂ ಎಚ್‌ಡಿ ಚಿತ್ರಕ್ಕೂ ಡಿವಿಡಿಗೂ ಲೆಕ್ಕಾಚಾರದ ಸೂತ್ರ ಬೇರೆ ಬೇರೆ. ಅದನ್ನು ಬದಲಿಸದೆ ಬಿಟ್ಟರೆ ಅರಿಷಿಣ ಹಚ್ಚಿದ ಕೆನ್ನೆಯ ಬಣ್ಣವೇ ಕೊಂಚ ಆಚೀಚೆಯಾಗುತ್ತದೆ.

ಮುಖ ಉದ್ದವಾಗುವುದೇಕೆ?

720ಕ್ಕೆ 576 ಎಂಬುದು ಹಳೆಯ ಟಿ.ವಿ.ಯ 4:3 ಆಕಾರವೂ ಅಲ್ಲ, ಇಂದಿನ 16:9 ಆಕಾರವೂ ಅಲ್ಲ. ಎರಡೂ ಬಗೆಯ ಚಿತ್ರಗಳನ್ನು ಡಿವಿಡಿ ಇದೇ ಚುಕ್ಕೆಗಳಲ್ಲಿ ಇಡುತ್ತದೆ. ಯಾವುದನ್ನು ಎಷ್ಟು ಅಗಲಿಸಿ ತೋರಿಸಬೇಕು ಎಂಬ ಗುರುತೊಂದನ್ನು ಫೈಲಿನಲ್ಲಿ ಬರೆದಿಡುತ್ತದೆ. ಪ್ಲೇಯರ್ ಆ ಗುರುತನ್ನು ನಂಬಿ ನಡೆಯುತ್ತದೆ. ಅಗಲ ಚಿತ್ರಕ್ಕೆ 4:3 ಎಂಬ ಗುರುತು ಬಿದ್ದರೆ ಪ್ರತಿಯೊಬ್ಬರ ಅಗಲ ಮುಕ್ಕಾಲಿಗೆ ಇಳಿದು ಮುಖ ಉದ್ದವಾಗುತ್ತದೆ. ಕ್ಯಾಸೆಟ್ ಕಾಲದ 4:3 ಚಿತ್ರಕ್ಕೆ 16:9 ಗುರುತು ಬಿದ್ದರೆ ಸಪೂರ ಇದ್ದವರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಟಿ.ವಿ. ರಿಮೋಟಿನಲ್ಲಿ ಆಕಾರ ಬದಲಿಸಿ ಸರಿಮಾಡಿಕೊಳ್ಳಬಹುದು ಎನ್ನುವವರಿದ್ದಾರೆ. ಒಂದು ಡಿಸ್ಕಿಗಾಗಿ ಬದಲಿಸಿದ್ದು ಮುಂದೆ ಚಾನೆಲ್ ಹಾಕಿದಾಗ ತೊಂದರೆ ಕೊಡುತ್ತದೆ. ಪರಿವರ್ತಿಸುವಾಗ ಒಂದು ಗುರುತು ಸರಿಯಾಗಿ ಹಾಕಿದರೆ ಮುಗಿಯುವ ಕೆಲಸವನ್ನು ನೋಡುವವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊ ಇನ್ನೂ ಕಷ್ಟದ ಗಿರಾಕಿ. ಅದನ್ನು ಅಗಲ ಪರದೆಯೊಳಗೆ ಕೂರಿಸಿದರೆ ಪರದೆಯ ಮೂರನೇ ಒಂದು ಭಾಗವೂ ತುಂಬುವುದಿಲ್ಲ. ಡಿವಿಡಿಯ 720 ಅಡ್ಡ ಚುಕ್ಕೆಗಳಲ್ಲಿ ಚಿತ್ರಕ್ಕೆ ದಕ್ಕುವುದು ಸುಮಾರು 228 ಮಾತ್ರ. ಎರಡೂ ಬದಿ ಕಪ್ಪು ಬಿಡುವುದು, ಇಲ್ಲವೆ ಮೇಲೆ ಕೆಳಗೆ ಕತ್ತರಿಸುವುದು, ಇವೆರಡೇ ಪ್ರಾಮಾಣಿಕ ದಾರಿಗಳು. ಪರದೆ ತುಂಬಲೆಂದು ಅಗಲಕ್ಕೆ ಎಳೆದರೆ ಅಕ್ಷತೆ ಹಾಕಲು ನಿಂತವರೆಲ್ಲ ಗುರುತು ಸಿಗದಂತಾಗುತ್ತಾರೆ.

ಐದು ಚಿತ್ರಗಳ ತಕರಾರು

ಆಕಾರದ ತಪ್ಪು ಕಣ್ಣಿಗೆ ಕಾಣುತ್ತದೆ. ವೇಗದ ತಪ್ಪು ಕಂಡರೂ ಕಾರಣ ಹೊಳೆಯುವುದಿಲ್ಲ. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತವೆ. ಪಾಲ್ ಡಿವಿಡಿಗೆ ಬೇಕಾದದ್ದು 25. ಉಳಿದ ಐದನ್ನು ಎಲ್ಲಿಂದಲಾದರೂ ತೆಗೆಯಲೇಬೇಕು. ಬಹುತೇಕ ಸಾಫ್ಟ್‌ವೇರುಗಳು ಪ್ರತಿ ಆರನೆಯ ಚಿತ್ರವನ್ನು ಕಿತ್ತು ಹಾಕುತ್ತವೆ. ಕೂತು ಮಾತಾಡುವವರಲ್ಲಿ ಇದು ಗೊತ್ತಾಗುವುದಿಲ್ಲ. ಕರಡಿ ಮಜಲಿನವರ ಕೈ ವೇಗವಾಗಿ ಏಳುತ್ತ ಬೀಳುತ್ತ ಇರುವಾಗ, ಕ್ಯಾಮೆರಾ ಮೆರವಣಿಗೆಯುದ್ದಕ್ಕೂ ಹೊರಳುವಾಗ ಸೆಕೆಂಡಿಗೆ ಐದು ಸಲ ಜರ್ಕ್ ಹೊಡೆಯುತ್ತದೆ. ಇದಕ್ಕೆ ಸರಿಯಾದ ಮದ್ದು ಚಿತ್ರೀಕರಣದಲ್ಲೇ ಇದೆ. ಡಿವಿಡಿ ಬೇಕೆಂದು ಮೊದಲೇ ಗೊತ್ತಿದ್ದರೆ ಕ್ಯಾಮೆರಾವನ್ನು 25 ಅಥವಾ 50ಕ್ಕೆ ಇಟ್ಟು ತೆಗೆಯಬೇಕು. ಎಲ್ಲವೂ ಮೊಬೈಲಿನದೇ ಆಗಿದ್ದರೆ ಅಮೆರಿಕ, ಜಪಾನಿನ ಪದ್ಧತಿಯಾದ ಎನ್‌ಟಿಎಸ್‌ಸಿ ಡಿಸ್ಕ್ ಮಾಡುವುದು ಲೇಸು. ಅದರ ವೇಗ ಸೆಕೆಂಡಿಗೆ 29.97 ಚಿತ್ರ, 30ಕ್ಕೆ ತೀರ ಹತ್ತಿರ. ನಮ್ಮಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡೂ ಪದ್ಧತಿ ಓಡಿಸುತ್ತವೆ. ಅಳತೆ 720×480ಕ್ಕೆ ಇಳಿದು ಚುಕ್ಕೆಗಳು ಇನ್ನಷ್ಟು ಕಡಿಮೆಯಾಗುತ್ತವೆ ಎಂಬುದು ಇದರ ಬೆಲೆ. ಕುಣಿತವೇ ಮುಖ್ಯವಾದ ವಿಡಿಯೊದಲ್ಲಿ ಆ ಬೆಲೆ ತೆರಬಹುದು.

ಮಂತ್ರ ಮುಂದೆ, ಬಾಯಿ ಹಿಂದೆ ಆಗುವುದಕ್ಕೂ ಕಾರಣ ಇಲ್ಲೇ ಇದೆ. ಮೊಬೈಲುಗಳು ಬೆಳಕಿಗೆ ತಕ್ಕಂತೆ ವೇಗವನ್ನು ತಾವೇ ಏರಿಳಿಸುತ್ತವೆ. ಹಾಗೆ ಬಂದ ಫೈಲನ್ನು ಮೊದಲು ಒಂದೇ ವೇಗಕ್ಕೆ ತರದೆ ಎಡಿಟಿಂಗಿಗೆ ಎಳೆದುಕೊಂಡರೆ ಧ್ವನಿ ಮತ್ತು ಚಿತ್ರ ನಿಮಿಷ ಕಳೆದಂತೆ ದೂರವಾಗುತ್ತ ಹೋಗುತ್ತವೆ. ಕ್ಯಾಸೆಟ್ ಕಾಲದ ಚಿತ್ರಗಳದು ಇನ್ನೊಂದು ರಗಳೆ. ಅವುಗಳಲ್ಲಿ ಪ್ರತಿ ಚಿತ್ರವೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಅರ್ಧಗಳಾಗಿ ಇರುತ್ತದೆ. ಮಿನಿ ಡಿವಿ ಟೇಪಿನಲ್ಲಿ ಕೆಳಗಿನ ಅರ್ಧ ಮೊದಲು ಬಂದರೆ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು. ಈ ಕ್ರಮ ತಪ್ಪಿದರೆ ನಡೆಯುವ ಮನುಷ್ಯ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಇಡುವಂತೆ ನಡುಗುತ್ತಾನೆ.

ಭಂಡಾರಕ್ಕೆ ಎಷ್ಟು ಬಿಟ್?

ಇನ್ನು ಜಾಗದ ಪ್ರಶ್ನೆ. ಸಾಮಾನ್ಯ ಡಿವಿಡಿಯ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಬಿಟ್ ಲೆಕ್ಕದಲ್ಲಿ ಅದು 3,760 ಕೋಟಿ. ಎರಡು ಗಂಟೆಯ ವಿಡಿಯೊಕ್ಕೆ ಹಂಚಿದರೆ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ ಬರುತ್ತದೆ. ಧ್ವನಿಗೆ ಎರಡು ಲಕ್ಷ ತೆಗೆದರೂ ಚಿತ್ರಕ್ಕೆ 50 ಲಕ್ಷ ಉಳಿಯುತ್ತದೆ, ಕಣ್ಣಿಗೆ ಹಿತವಾಗಿರುತ್ತದೆ. ಅದೇ ಡಿಸ್ಕಿಗೆ ನಾಲ್ಕು ಗಂಟೆ ತುರುಕಿದರೆ ಒಟ್ಟು 26 ಲಕ್ಷ, ಆರು ಗಂಟೆ ತುರುಕಿದರೆ 17 ಲಕ್ಷ. ‘ಒಂದೇ ಸೀಡಿಯಾಗ ಎಲ್ಲಾ ಕೂಡ್ರಸ್ರಿ’ ಎಂಬ ಬೇಡಿಕೆ ಚಿತ್ರದ ಗುಣಮಟ್ಟದ ಮೇಲೆ ಬೀಳುವ ಕೊಡಲಿ ಪೆಟ್ಟು.

ಎಲ್ಲ ದೃಶ್ಯಗಳ ಹಸಿವೂ ಒಂದೇ ಆಗಿರುವುದಿಲ್ಲ. ಎಂಪೆಗ್-2 ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಇಡೀ ಚಿತ್ರವನ್ನು ಬರೆಯುತ್ತದೆ. ನಡುವಿನ ಚಿತ್ರಗಳಲ್ಲಿ ಚೌಕ ಚೌಕವಾಗಿ ಯಾವ ಭಾಗ ಎತ್ತ ಸರಿಯಿತು, ಏನು ಬದಲಾಯಿತು ಎಂಬುದನ್ನಷ್ಟೇ ಟಿಪ್ಪಣಿ ಮಾಡಿಕೊಳ್ಳುತ್ತದೆ. ಸದಲಗಾ ಅಥವಾ ಶೇಡಬಾಳದ ಬಸದಿಯೊಂದರಲ್ಲಿ ಮುನಿಗಳು ಕುಳಿತು ಪ್ರವಚನ ಮಾಡುವ ದೃಶ್ಯದಲ್ಲಿ ಬದಲಾಗುವುದು ತುಟಿ, ಕೈ ಮಾತ್ರ. ಕಡಿಮೆ ಬಿಟ್ಟಿನಲ್ಲೂ ಅದು ನಿಚ್ಚಳವಾಗಿ ಬರುತ್ತದೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಕ್ತರು ಭಂಡಾರ ಎರಚಿದ ಗಳಿಗೆಯನ್ನು ನೋಡಿ. ಗಾಳಿಯಲ್ಲಿ ಹಳದಿ ಪುಡಿಯ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಹೋಗುತ್ತದೆ, ಕೆಳಗೆ ಸಾವಿರ ತಲೆಗಳು ಸಾವಿರ ರೀತಿ ಅಲುಗುತ್ತವೆ. ಯಾವ ಚೌಕವೂ ಹಿಂದಿನ ಚಿತ್ರದಿಂದ ಎರವಲು ಸಿಗುವುದಿಲ್ಲ. ಬಿಟ್ಟುಗಳು ಸಾಲದಾದಾಗ ಭಂಡಾರದ ಮೋಡ ಹಳದಿ ಬಿಲ್ಲೆಗಳಾಗಿ ಒಡೆಯುತ್ತದೆ. ಆದ್ದರಿಂದ ಇಡೀ ವಿಡಿಯೊಕ್ಕೆ ಒಂದೇ ದರ ಕಟ್ಟದೆ, ಒಮ್ಮೆ ಪೂರ್ತಿ ಓಡಿಸಿ ಎಲ್ಲೆಲ್ಲಿ ಎಷ್ಟು ಬೇಕೆಂದು ಅಳೆದು, ಎರಡನೆಯ ಸುತ್ತಿನಲ್ಲಿ ಹಂಚುವ ವಿಧಾನ ಒಳ್ಳೆಯದು. ಸಮಯ ಇಮ್ಮಡಿ ಹಿಡಿಯುತ್ತದೆ, ಪ್ರವಚನದಲ್ಲಿ ಉಳಿಸಿದ್ದು ಜಾತ್ರೆಗೆ ಸಿಗುತ್ತದೆ. ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಆಟವನ್ನಂತೂ ಒಂದೇ ಡಿಸ್ಕಿಗೆ ಇಳಿಸುವ ಯೋಚನೆ ಬಿಡಬೇಕು. ಪ್ರಸಂಗ ಕಡಿಯುವಲ್ಲಿ ಕಡಿದು ಎರಡೆರಡು ಗಂಟೆಯ ಮೂರು ಡಿಸ್ಕ್ ಮಾಡಿದರೆ ಆಟಕ್ಕೂ ಮರ್ಯಾದೆ, ಕಣ್ಣಿಗೂ ಸುಖ.

ಪರಿವರ್ತನೆ ಎಷ್ಟು ಚೆನ್ನಾಗಿರಲಿ, ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಅದಕ್ಕೇ ಕೆಲಸದ ಕ್ರಮ ಮುಖ್ಯ. ಎಡಿಟಿಂಗ್ ಮೂಲದ ಅಳತೆಯಲ್ಲೇ ಆಗಬೇಕು. ಸಿದ್ಧವಾದದ್ದನ್ನು ಅದೇ ಅಳತೆಯ ಒಂದು ಉತ್ತಮ ಫೈಲಾಗಿ ತೆಗೆದಿಟ್ಟು, ಅದರಿಂದ ನೇರವಾಗಿ ಒಮ್ಮೆ ಮಾತ್ರ ಡಿವಿಡಿಗೆ ಇಳಿಸಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ತುಣುಕು ಆಗಲೇ ಹಿಂಡಿ ಹಿಪ್ಪೆಯಾಗಿರುತ್ತದೆ. ತೆಗೆದವರ ಮೊಬೈಲಿನಿಂದಲೇ ಫೈಲು ತರಿಸಿಕೊಳ್ಳುವುದು ಸರಿ. ಹಳೆಯ ವಿಸಿಡಿಗಳ ವಿಷಯದಲ್ಲಿ ಬಹಳ ಜನಕ್ಕೆ ತಿಳಿಯದ ಅನುಕೂಲವೊಂದಿದೆ. ವಿಸಿಡಿಯ 352×288 ಅಳತೆಯ ಎಂಪೆಗ್-1 ಚಿತ್ರವನ್ನು ಡಿವಿಡಿ ನಿಯಮ ಹಾಗೆಯೇ ಒಪ್ಪುತ್ತದೆ. ಧ್ವನಿಯನ್ನು 44.1ರಿಂದ 48 ಕಿಲೊಹರ್ಟ್ಸಿಗೆ ಬದಲಿಸಿದರೆ ಸಾಕು, ಚಿತ್ರ ಮುಟ್ಟುವ ಅಗತ್ಯವಿಲ್ಲ. ದೊಡ್ಡದು ಮಾಡಿಕೊಡುತ್ತೇವೆಂದು 720×576ಕ್ಕೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಇದ್ದದ್ದು ಇನ್ನೊಂದು ಸಲ ಸವೆಯುತ್ತದೆ. ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರೂ ಬೇಕಿಲ್ಲ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಿ ಪಾಲ್ ಡಿವಿಡಿಗೆಂದೇ ಸಿದ್ಧ ಸೂಚನೆಯಿದೆ. ಮೆನು ಕಟ್ಟಿ ಡಿಸ್ಕ್ ಮಾಡಲು ಡಿವಿಡಿಸ್ಟೈಲರ್ ಇದೆ. ಹೆಸರುವಾಸಿಯಾದ ಹ್ಯಾಂಡ್‌ಬ್ರೇಕ್ ಮಾತ್ರ ಈ ಕೆಲಸಕ್ಕೆ ಬಾರದು. ಅದು ಡಿವಿಡಿಯಿಂದ ಎಂಪಿ4 ಮಾಡುತ್ತದೆ, ಎಂಪಿ4ನಿಂದ ಡಿವಿಡಿ ಮಾಡುವುದಿಲ್ಲ.

ಯಾರಿಗೆ ಬೇಕು ಡಿವಿಡಿ?

ಇಷ್ಟೆಲ್ಲ ಪಡಿಪಾಟಲು ಈಗ ಯಾಕೆ, ಟಿ.ವಿ.ಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಎಚ್‌ಡಿಯಲ್ಲೇ ಕಾಣುತ್ತದಲ್ಲ ಎಂಬುದು ಮೊದಲ ಆಕ್ಷೇಪ. ಮಾತು ಸರಿ. ಹೊಸದಾಗಿ ಪ್ಲೇಯರ್ ಕೊಂಡು ಡಿವಿಡಿ ನೋಡಿ ಎಂದು ಯಾರಿಗೂ ಹೇಳಬೇಕಿಲ್ಲ. ಆದರೆ ಪೆನ್‌ಡ್ರೈವ್ ಹಾಕಿದ ಕೂಡಲೇ ಎಲ್ಲ ಟಿ.ವಿ.ಗಳೂ ಎಲ್ಲ ಫೈಲುಗಳನ್ನೂ ಓಡಿಸುವುದಿಲ್ಲ. ಹೊಸ ಮೊಬೈಲುಗಳ ಎಚ್.265 ಫೈಲುಗಳ ಮುಂದೆ ಹಳೆಯ ಟಿ.ವಿ.ಗಳು ಸುಮ್ಮನೆ ಕೂರುತ್ತವೆ. ಪೆನ್‌ಡ್ರೈವನ್ನು ಮನೆಯ ಮಕ್ಕಳು ಹಾಡು ತುಂಬಲೆಂದು ಅಳಿಸಿಬಿಡಬಹುದು. ಒಮ್ಮೆ ಬರ್ನ್ ಆಗಿ ಮುಚ್ಚಿದ ಡಿವಿಡಿ-ಆರ್ ಡಿಸ್ಕನ್ನು ಹಾಗೆ ಅಳಿಸಲು ಬರುವುದಿಲ್ಲ. ಪ್ಲೇಯರ್ ಇರುವ ಮನೆಗೆ, ಒಂದೇ ಗುಂಡಿ ಒತ್ತಿ ನೋಡುವ ಅಜ್ಜ ಅಜ್ಜಿಯರಿಗೆ ಡಿವಿಡಿ ಇನ್ನೂ ಕೆಲಸದ ವಸ್ತು.

ಹಳ್ಳಿಯ ಟಿ.ವಿ.ಯಲ್ಲಿ ಇಷ್ಟು ಸೂಕ್ಷ್ಮ ಯಾರಿಗೆ ಕಾಣುತ್ತದೆ ಎಂಬುದು ಎರಡನೆಯ ಆಕ್ಷೇಪ. 21 ಇಂಚಿನ ಡಬ್ಬಿ ಟಿ.ವಿ. ಇದ್ದ ಕಾಲಕ್ಕೆ ಇದರಲ್ಲಿ ಹುರುಳಿತ್ತು, ಅದರ ಮಸುಕಿನಲ್ಲಿ ಎಷ್ಟೋ ತಪ್ಪು ಮುಚ್ಚಿಹೋಗುತ್ತಿತ್ತು. ಈಗ ಹಳ್ಳಿಗೂ ಬಂದಿರುವ ಚಪ್ಪಟೆ ದೊಡ್ಡ ಟಿ.ವಿ.ಗಳು ಅದೇ ಡಿಸ್ಕಿನ ಪ್ರತಿ ಬಿಲ್ಲೆಯನ್ನೂ ಹಿಗ್ಗಿಸಿ ತೋರಿಸುತ್ತವೆ.

ಮೂರನೆಯ ಆಕ್ಷೇಪ ಸ್ಟುಡಿಯೊದವರದು: ಮೂಲ ಫೈಲುಗಳನ್ನು ಎಷ್ಟು ವರ್ಷ ಇಟ್ಟುಕೊಂಡು ಕೂಡುವುದು? ಸೆಕೆಂಡಿಗೆ 5 ಕೋಟಿ ಬಿಟ್ ದರದಲ್ಲಿ ತೆಗೆದ ವಿಡಿಯೊ ಗಂಟೆಗೆ 22.5 ಜಿಬಿ ನುಂಗುತ್ತದೆ. ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕಿನಲ್ಲಿ 44 ಗಂಟೆ ಮಾತ್ರ ಹಿಡಿಸುತ್ತದೆ. ಒಂದು ಸೀಸನ್ನಿನ ಎಲ್ಲ ಲಗ್ನಗಳನ್ನೂ ಶಾಶ್ವತವಾಗಿ ಕಾಯುವುದು ಸಣ್ಣ ಸ್ಟುಡಿಯೊಕ್ಕೆ ಆಗದ ಮಾತು. ಇದು ನ್ಯಾಯವಾದ ತಕರಾರೇ. ಹಾಗಂತ ಅಳಿಸುವುದು ಉತ್ತರವಲ್ಲ. ಹಾರ್ಡ್‌ಡಿಸ್ಕಿನ ಖರ್ಚು ಮನೆಯವರು ಕೊಟ್ಟು, ಎಡಿಟ್ ಆದ ಪೂರ್ಣ ಅಳತೆಯ ಫೈಲನ್ನೂ ಆಯ್ದ ಮೂಲಗಳನ್ನೂ ತಾವೇ ಒಯ್ಯಬೇಕು. ಊಟಕ್ಕೆ, ಮಂಟಪಕ್ಕೆ ಆದ ಖರ್ಚಿನ ಎದುರು ಇದು ಲೆಕ್ಕಕ್ಕೇ ಬಾರದು.

ನದಿ ದಂಡೆಯ ಪಾಠ, ನಿಪ್ಪಾಣಿಯ ಪಾಠ

ಮೂಲವನ್ನು ಎಲ್ಲಿ ಇಡಬೇಕು ಎಂಬುದು ಈ ಸೀಮೆಯಲ್ಲಿ ಬರೀ ತಾಂತ್ರಿಕ ಪ್ರಶ್ನೆಯಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು 2005ರಲ್ಲಿ, 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ದಂಡೆ ಮೀರಿ ಮನೆಗಳಿಗೆ ನುಗ್ಗಿದವು. ಅಂಥ ನೀರಿನಲ್ಲಿ ಸಿಕ್ಕ ಕ್ಯಾಸೆಟ್ ಬೂಷ್ಟು ಹಿಡಿಯುತ್ತದೆ. ಸಿಡಿಯಲ್ಲಿ ಮಾಹಿತಿಯ ಪದರ ಲೇಬಲ್ ಬದಿಯ ತೆಳು ಲೇಪದ ಕೆಳಗೇ ಇರುವುದರಿಂದ ಅದೂ ಬೇಗ ಎದ್ದುಹೋಗುತ್ತದೆ. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಕೆಸರಾದ ಡಿವಿಡಿಯನ್ನು ಶುದ್ಧ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ನೆರಳಿನಲ್ಲಿ ಒಣಗಿಸಿದರೆ ಓಡುವ ಸಾಧ್ಯತೆ ಸಾಕಷ್ಟಿದೆ. ಸುತ್ತು ತಿರುಗಿಸಿ ಉಜ್ಜಬಾರದು. ಹಾಗೆಂದು ಡಿವಿಡಿಯೇ ಕೊನೆಯ ಆಸರೆಯಾಗಲಾರದು. ಮನೆಯಲ್ಲಿ ಬರ್ನ್ ಮಾಡುವ ಡಿಸ್ಕಿನಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಒಂದು ರಾಸಾಯನಿಕದ ಮೇಲೆ. ಬಿಸಿಲು, ಸೆಕೆ, ತೇವ ಅದನ್ನು ನಿಧಾನವಾಗಿ ತಿನ್ನುತ್ತವೆ. ಎರಡು ಪ್ರತಿ ಇರಬೇಕು, ಎರಡೂ ಒಂದೇ ಊರಿನಲ್ಲಿ ಇರಬಾರದು. ಒಂದು ನದಿ ದಂಡೆಯ ಮನೆಯಲ್ಲಿದ್ದರೆ ಇನ್ನೊಂದು ಬೇರೆ ಊರಿಗೆ ಕೊಟ್ಟ ಮಗಳ ಮನೆಯಲ್ಲಿರಲಿ.

ಮೂಲ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಿಪ್ಪಾಣಿಯೇ ಸಾಕ್ಷಿ. ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳ ಸಂಘಟನೆಯ ಕುರಿತು ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ್’ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಛಾಯಾಗ್ರಹಣ ನವ್ರೋಜ್ ಕಾಂಟ್ರಾಕ್ಟರ್ ಅವರದು. ಅದು 16 ಎಂಎಂ ಫಿಲ್ಮಿನಲ್ಲಿ ತೆಗೆದ ಚಿತ್ರ. ಆಗ ಡಿವಿಡಿ ಇರಲಿಲ್ಲ, ಎಚ್‌ಡಿ ಟಿ.ವಿ. ಮನೆಗಳಿಗೆ ಬಂದಿರಲಿಲ್ಲ. ಫಿಲ್ಮು ಉಳಿದಿದ್ದರಿಂದ ದಶಕಗಳ ನಂತರ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಅದನ್ನು ಡಿಜಿಟಲ್ ರೂಪಕ್ಕೆ ತಂದಿತು, ಹೊಸ ತಲೆಮಾರು ನೋಡಿತು. ನೋಡುವ ಯಂತ್ರಗಳು ಮಾತ್ರ ಮತ್ತೆ ಮತ್ತೆ ಬದಲಾದವು. ವಿಎಚ್‌ಎಸ್ ಹೋಯಿತು, ವಿಸಿಡಿ ಹೋಯಿತು, ಡಿವಿಡಿ ಹೋಗುತ್ತಿದೆ. ಇಂದಿನ ಜಾತ್ರೆ, ಆಟ, ಲಗ್ನಗಳ ಮೂಲ ನಮ್ಮಲ್ಲಿದ್ದರೆ ನಾಳೆ ಯಾವ ಅಚ್ಚು ಬಂದರೂ ಎರೆಯಬಹುದು. ಡಿವಿಡಿ ಮಾತ್ರ ಉಳಿದರೆ ಮುಂದಿನವರಿಗೆ ಸಿಗುವುದು ಐದರಲ್ಲೊಂದು ಪಾಲು, ಅದೂ ಹಿಂಡಿದ್ದು.

ಆದ್ದರಿಂದ ಮುಂದಿನ ಸಲ ಸ್ಟುಡಿಯೊದ ಮೆಟ್ಟಿಲು ಹತ್ತಿದಾಗ ನಾಲ್ಕು ಮಾತು ಮುಂಚೆಯೇ ಆಡಿಕೊಳ್ಳಿ. ಡಿವಿಡಿ ಬೇಕಿದ್ದರೆ 25 ಅಥವಾ 50ರ ವೇಗದಲ್ಲೇ ತೆಗೆಯಲು ಹೇಳಿ. ಒಂದು ಡಿಸ್ಕಿಗೆ ಎರಡು ಗಂಟೆ ಮೀರಿಸಬೇಡಿ ಎನ್ನಿ. ಹಣದ ಬಾಕಿ ತೀರಿಸುವ ಮೊದಲು ನಿಮ್ಮದೇ ಪ್ಲೇಯರಿನಲ್ಲಿ ಡಿಸ್ಕಿನ ಮೊದಲು, ನಡು, ಕೊನೆ ಓಡಿಸಿ ನೋಡಿ. ಪೂರ್ಣ ಅಳತೆಯ ಫೈಲನ್ನು ಹಾರ್ಡ್‌ಡಿಸ್ಕಿನಲ್ಲಿ ಕೇಳಿ ಪಡೆಯಿರಿ. ಈ ನಾಲ್ಕರಲ್ಲಿ ಮೂರು ತಪ್ಪಿದರೂ ಸರಿಪಡಿಸಬಹುದು, ಕೊನೆಯದೊಂದು ತಪ್ಪಿದರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ.